ಆರು ತಂಡ, ಮೂರು ಗೆಲುವು, ಎಂಟೇ ಜನ: ಈ ವಾರಾಂತ್ಯದ ಫಲಿತಾಂಶ

ಸೈಟ್‌ಸ್ಕ್ರೀನ್ · ಭಾನುವಾರ ರಾತ್ರಿ 8:15

ನಮ್ಮ ಕ್ರಿಕೆಟ್ ಕ್ಲಬ್ಬಿನ ಆರು ತಂಡದ ಎರಡು ದಿನದ ಫಲಿತಾಂಶ ಒಂದೇ ಕಡೆ ಇರಲಿ ಅಂತ ಹಾಕುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ, ಬೈಯಬೇಡಿ.

ಒಂದನೇ ತಂಡ, 50 ಓವರ್: ನಾವು 231/8. ಅವರು 44.2 ಓವರಿನಲ್ಲಿ 187ಕ್ಕೆ ಆಲೌಟ್. 44 ರನ್ ಗೆಲುವು.
ಎರಡನೇ ತಂಡ, 40 ಓವರ್: ಅವರು 178/9. ನಾವು 39.4 ಓವರಿನಲ್ಲಿ 177ಕ್ಕೆ ಆಲೌಟ್. ಒಂದೇ ಒಂದು ರನ್ನಿನ ಸೋಲು.
ಮೂರನೇ ತಂಡ, 40 ಓವರ್: ಅವರು 38.1 ಓವರಿನಲ್ಲಿ 162ಕ್ಕೆ ಆಲೌಟ್. ನಾವು 27.3 ಓವರಿನಲ್ಲಿ 163/4. ಆರು ವಿಕೆಟ್ ಗೆಲುವು.
ನಾಲ್ಕನೇ ತಂಡ, 40 ಓವರ್: ಅವರು 246/5. ನಾವು 71. 175 ರನ್ ಸೋಲು.
ಮಹಿಳಾ ತಂಡ, 20 ಓವರ್: ನಾವು 118/6. ಅವರು 92/8. 26 ರನ್ ಗೆಲುವು.
ಅಂಡರ್-15, 25 ಓವರ್: ನಾವು 104/6. ಅವರು 9 ಓವರಿನಲ್ಲಿ 31/2 ಇದ್ದಾಗ ಮಳೆ. ಫಲಿತಾಂಶ ಇಲ್ಲ.

ಆರರಲ್ಲಿ ಮೂರು ಗೆಲುವು. ಒಂದನೇ ತಂಡ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿದೆ. ಮೂರನೇ ತಂಡಕ್ಕೆ ಈ ಪಂದ್ಯದ ನೆಟ್ ರನ್ ರೇಟ್ (ಓವರಿಗೆ ನಾವು ಹೊಡೆದ ರನ್ನಿನಲ್ಲಿ ಅವರು ಹೊಡೆದದ್ದನ್ನು ಕಳೆದರೆ ಬರುವುದು) +1.72 ಬರುತ್ತದೆ. ಕ್ಲಬ್ಬಿಗೆ ಒಳ್ಳೆಯ ವಾರ ಅನ್ನಬಹುದು ಅಲ್ವಾ? ನಾಲ್ಕನೇ ತಂಡ ಮಾತ್ರ ಯಾಕೆ ಹೀಗೆ ಮಕಾಡೆ ಮಲಗಿತು ಅಂತ ಗೊತ್ತಾಗಲಿಲ್ಲ. ಗೊತ್ತಿದ್ದವರು ಹೇಳಿ.

ನಾಲ್ಕರ ಕ್ಯಾಪ್ಟನ್ · 8:19

ನಾನು ಹೇಳುತ್ತೇನೆ. ನಾವು ಎಂಟೇ ಜನ ಇದ್ದೆವು.

ಲೆಗ್‌ಬೈ · 8:20

ಓಹೋ.

ಥರ್ಡ್ ಮ್ಯಾನ್ · 8:24

ಎಂಟು ಜನ ಇದ್ದರೂ 71 ಕಮ್ಮಿಯೇ ಗುರು. ಪಿಚ್ ಹೇಗಿತ್ತು? ಹೋದ ವಾರ ಅದೇ ಮೈದಾನದಲ್ಲಿ ಚೆಂಡು ಮೊಣಕಾಲಿಗಿಂತ ಮೇಲೆ ಬರುತ್ತಿರಲಿಲ್ಲ.

ನಾಲ್ಕರ ಕ್ಯಾಪ್ಟನ್ · 8:31

ಪಿಚ್ ಚೆನ್ನಾಗಿತ್ತು. ಅವರು 246 ಹೊಡೆದಿದ್ದು ಅದೇ ಪಿಚ್ಚಿನ ಮೇಲೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಮಾತು ನಾನು ಆಡುವುದಿಲ್ಲ.

ನಡೆದದ್ದು ಇಷ್ಟು. ಬುಧವಾರ ನನ್ನ ಪಟ್ಟಿಯಲ್ಲಿ ಹನ್ನೆರಡು ಜನ. ಗುರುವಾರ ಸಂಜೆ ನೆಟ್ಸ್‌ನಲ್ಲಿ ಒಂದನೇ ತಂಡದ ವೇಗದ ಬೌಲರ್‌ಗೆ ತೊಡೆ ಹಿಂದಿನ ಸ್ನಾಯು ಹಿಡಿದುಕೊಂಡಿತು. ಅವನ ಜಾಗಕ್ಕೆ ಎರಡನೇ ತಂಡದಿಂದ ಒಬ್ಬ ಹೋದ. ಎರಡನೇ ತಂಡದ ಕೀಪರ್ ಕೂಡ ಊರಲ್ಲಿರಲಿಲ್ಲ, ಹಾಗಾಗಿ ಅವರು ಮೂರನೇ ತಂಡದಿಂದ ಇಬ್ಬರನ್ನು ತೆಗೆದುಕೊಂಡರು. ಮೂರನೇ ತಂಡ ನನ್ನ ಹತ್ತಿರ ಇಬ್ಬರನ್ನು ತೆಗೆದುಕೊಂಡಿತು. ಶುಕ್ರವಾರ ರಾತ್ರಿ ಹತ್ತೂವರೆಗೆ ಫೋನ್: ಒಂದನೇ ತಂಡಕ್ಕೆ ಹನ್ನೆರಡನೆಯವನು ಬೇಕು, ಹುಡುಗ ಒಬ್ಬನನ್ನು ಕಳಿಸಿ. ಕಳಿಸಿದೆ. ಉಳಿದದ್ದು ಒಂಬತ್ತು. ಬೆಳಿಗ್ಗೆ ಒಬ್ಬನಿಗೆ ಜ್ವರ. ಎಂಟು.

ಈಗ ಫೀಲ್ಡ್ ನೀವೇ ಇಡಿ ನೋಡೋಣ. ಬೌಲರ್, ಕೀಪರ್ ಬಿಟ್ಟರೆ ಆರು ಜನ. ಕೀಪರ್ ಹಿಂದೆ ಬೌಂಡರಿ ಕಾಯಲು ಥರ್ಡ್ ಮ್ಯಾನ್ ಇಲ್ಲ, ಫೈನ್ ಲೆಗ್ ಇಲ್ಲ. ಎಡ್ಜ್ ಆದರೆ ಫೋರ್, ಗ್ಲಾನ್ಸ್ ಮಾಡಿದರೆ ಫೋರ್. ಬೌಲರ್ ತಾನು ಹಾಕಿದ ಚೆಂಡಿನ ಹಿಂದೆ ತಾನೇ ಬೌಂಡರಿವರೆಗೆ ಓಡಿದ್ದೂ ಆಯಿತು. ಬ್ಯಾಟಿಂಗಿನಲ್ಲಿ ಏಳನೇ ವಿಕೆಟ್ ಬಿದ್ದರೆ ಮುಗಿಯಿತು, ಆಲೌಟ್. ಔಟಾಗದೆ ಉಳಿದ ಹುಡುಗ 19 ಹೊಡೆದಿದ್ದ. ಜೊತೆಗೆ ಆಡಲು ಯಾರೂ ಇರಲಿಲ್ಲ.

ಥರ್ಡ್ ಮ್ಯಾನ್ · 8:33

ಥರ್ಡ್ ಮ್ಯಾನ್ ಇಲ್ಲ ಅಂದಿರಲ್ಲ, ಮನಸ್ಸಿಗೆ ನೋವಾಯಿತು. ಪಿಚ್ ಬಗ್ಗೆ ಅಂದಿದ್ದನ್ನು ವಾಪಸ್ ತೆಗೆದುಕೊಂಡೆ.

ಬುಕ್ಕು ಪೆನ್ನು · 8:40

ಸೈಟ್‌ಸ್ಕ್ರೀನ್, ನಿಮ್ಮ ನೆಟ್ ರನ್ ರೇಟ್ ತಪ್ಪು. ಎರಡು ಕಡೆ ತಪ್ಪು.

ಮೊದಲನೆಯದು, 27.3 ಓವರ್ ಅಂದರೆ 27 ಓವರ್ ಮತ್ತು 3 ಚೆಂಡು. ಭಾಗಿಸುವಾಗ ಅದು 27.5. ಓವರಿಗೆ ಆರು ಚೆಂಡು, ಹತ್ತಲ್ಲ. ಎರಡನೆಯದು, ಆಲೌಟ್ ಆದ ತಂಡಕ್ಕೆ ಆಡಿದ ಓವರ್ ಲೆಕ್ಕವಿಲ್ಲ, ಪೂರ್ತಿ 40 ಓವರ್ ಹಿಡಿಯಬೇಕು. ಹಾಗಾಗಿ ನಮ್ಮದು 163 ಭಾಗಿಸು 27.5, ಅಂದರೆ 5.927. ಅವರದು 162 ಭಾಗಿಸು 40, ಅಂದರೆ 4.05. ವ್ಯತ್ಯಾಸ +1.88. ನೀವು ಮೂರನೇ ತಂಡಕ್ಕೆ ಸುಮ್ನೆ ಮೋಸ ಮಾಡಿದಿರಿ.

ಇದೇ ಲೆಕ್ಕ ನಾಲ್ಕನೇ ತಂಡಕ್ಕೂ ಬೀಳುತ್ತದೆ. ಎಂಟೇ ಜನ ಆಡಿದರೂ 71 ಅನ್ನು 40ರಿಂದಲೇ ಭಾಗಿಸಬೇಕು. 1.775 ಕಳೆ 6.15. ಮೈನಸ್ 4.375.

ಸೈಟ್‌ಸ್ಕ್ರೀನ್ · 8:43

ತಿದ್ದಿಕೊಂಡೆ. ಬೈಯಬೇಡಿ ಅಂದಿದ್ದೆ.

ಬುಕ್ಕು ಪೆನ್ನು · 8:44

ಇದು ಬೈಗುಳ ಅಲ್ಲ, ಭಾಗಾಕಾರ.

ನಾಲ್ಕರ ಕ್ಯಾಪ್ಟನ್ · 8:46

ಮೈನಸ್ ನಾಲ್ಕು! ಅದನ್ನು ಸರಿ ಮಾಡಲು ಈ ಸೀಸನ್ ಪೂರ್ತಿ ಸಾಲದು.

ಗೂಗ್ಲಿ · 8:50

ನನಗೊಂದು ಅನುಮಾನ. ಎಂಟು ಜನ ಇಟ್ಟುಕೊಂಡು ಯಾಕೆ ಆಡಿದಿರಿ? ಪಂದ್ಯ ಬಿಟ್ಟುಕೊಟ್ಟಿದ್ದರೆ ರನ್ ರೇಟ್ ಆದರೂ ಉಳಿಯುತ್ತಿತ್ತೇನೋ.

ನಾಲ್ಕರ ಕ್ಯಾಪ್ಟನ್ · 8:57

ನಮ್ಮ ಲೀಗಿನಲ್ಲಿ ಬಿಟ್ಟುಕೊಟ್ಟರೆ ಪಾಯಿಂಟ್ ಕತ್ತರಿಸುತ್ತಾರೆ. ಅದು ಒಂದು. ಇನ್ನೊಂದು, ಎದುರು ತಂಡದ ಹನ್ನೊಂದು ಜನ ಬಂದು ನಿಂತಿದ್ದರು, ಬಿಳಿ ಬಟ್ಟೆ ಹಾಕಿಕೊಂಡು. ಅವರಿಗೆ ಏನು ಹೇಳಲಿ? ನನ್ನ ಎಂಟು ಜನರಲ್ಲಿ ಇಬ್ಬರು ಹದಿನೈದರ ಹುಡುಗರು, ಒಬ್ಬರು ಐವತ್ತು ದಾಟಿದವರು. ಅವರೆಲ್ಲ ವಾರವಿಡೀ ಕಾಯುವುದು ಈ ಒಂದು ದಿನಕ್ಕೆ.

ಎದುರು ತಂಡದವರು ಒಳ್ಳೆಯವರು. ಸ್ವಲ್ಪ ಹೊತ್ತು ನೋಡಿ, ಸರದಿಯ ಮೇಲೆ ಇಬ್ಬರು ಫೀಲ್ಡರ್‌ಗಳನ್ನು ನಮಗೆ ಕೊಟ್ಟರು. ಅದರಲ್ಲಿ ಒಬ್ಬ ಮಿಡ್‌ವಿಕೆಟ್‌ನಲ್ಲಿ ತನ್ನದೇ ಕ್ಯಾಪ್ಟನ್ ಹೊಡೆದ ಚೆಂಡನ್ನು ಹಾರಿ ಹಿಡಿದ. ಆಮೇಲೆ ಅವರ ಬೆಂಚಿನಲ್ಲಿ ನಡೆದ ಜಗಳ ನೋಡಬೇಕಿತ್ತು. ನಮ್ಮ ಇಡೀ ದಿನದಲ್ಲಿ ಖುಷಿ ಕೊಟ್ಟಿದ್ದು ಅದೊಂದೇ.

ಲೆಗ್‌ಬೈ · 8:58

ಅಂತೂ ಪಂದ್ಯಶ್ರೇಷ್ಠ ಅವರ ಹುಡುಗನೇ!

ಒಂದರ ಮೂರನೇ ನಂಬರ್ · 9:05

ಒಂದನೇ ತಂಡದ ಮೇಲೆ ಎಲ್ಲ ಹಾಕಬೇಡಿ. ನಾವು ಗೆದ್ದಿದ್ದೂ ಕ್ಲಬ್ಬಿನ ಗೆಲುವೇ. ಮೇಲಿನ ಡಿವಿಜನ್‌ಗೆ ಹೋಗಬೇಕಾದರೆ ಉಳಿದ ನಾಲ್ಕು ಪಂದ್ಯದಲ್ಲಿ ಮೂರು ಗೆಲ್ಲಬೇಕು. ಅಂಥ ಸಮಯದಲ್ಲಿ ಹನ್ನೆರಡನೆಯವನು ಇಲ್ಲದೆ ಹೋಗುವುದು ಹುಚ್ಚುತನ. ಮೂವತ್ತನೇ ಓವರಿನಲ್ಲಿ ನಮ್ಮ ಪಾಯಿಂಟ್ ಫೀಲ್ಡರ್‌ಗೆ ಬೆರಳು ತಿರುಚಿ ಹೊರಗೆ ಹೋದ. ಹನ್ನೆರಡನೆಯವನು ಇದ್ದಿದ್ದಕ್ಕೆ ಬಚಾವ್. ಬಂದ ಎರಡನೇ ಓವರಿನಲ್ಲೇ ಒಂದು ಕ್ಯಾಚ್ ಹಿಡಿದ, ಅದೂ ಅವರ 60 ಹೊಡೆದವನದು.

ಹನ್ನೆರಡನೆಯವನು · 9:11

ಆ ಕ್ಯಾಚ್ ಹಿಡಿದವನು ನಾನೇ ಅಣ್ಣ.

ನಮ್ಮ ಬ್ಯಾಟಿಂಗಿನ 50 ಓವರ್ ನೀರಿನ ಬಾಟಲಿ, ಟವೆಲ್, ಗ್ಲೌಸ್ ಹೊತ್ತು ಓಡಾಡಿದೆ. ಆಮೇಲೆ ನಾಲ್ಕೇ ನಾಲ್ಕು ಓವರ್ ಫೀಲ್ಡಿಂಗ್. ಬೆರಳಿಗೆ ಪಟ್ಟಿ ಸುತ್ತಿಕೊಂಡು ಅವರು ವಾಪಸ್ ಬಂದರು, ನಾನು ಮತ್ತೆ ಬೆಂಚಿಗೆ. ಸಂಜೆ ಸ್ಕೋರ್ ಕಾರ್ಡ್ ನೋಡಿದೆ. 'ಕ್ಯಾಚ್ ಸಬ್' ಅಂತ ಇದೆ, ಅಂದರೆ ಬದಲಿ ಫೀಲ್ಡರ್ ಹಿಡಿದ ಅಂತ. ಹೆಸರೂ ಇಲ್ಲ. ನಾಲ್ಕನೇ ತಂಡದಲ್ಲಿ ನಾನು ಐದನೇ ನಂಬರ್ ಆಡಿ ಏಳು ಓವರ್ ಹಾಕುತ್ತೇನೆ. ಬೇಜಾರಿಲ್ಲ, ಒಂದನೇ ತಂಡದ ಜೊತೆ ಕೂತಿದ್ದು ಖುಷಿಯೇ. ಆದರೆ ಮಧ್ಯಾಹ್ನ ಮೂರು ಗಂಟೆಗೆ ಫೋನ್ ತೆಗೆದು ನಾಲ್ಕನೇ ತಂಡದ ಸ್ಕೋರ್ ನೋಡಿದಾಗ ಒಂಥರಾ ಆಯಿತು.

ಲೆಗ್‌ಬೈ · 9:12

'ಒಂಥರಾ' ಅಂದರೆ ಯಾವ ಥರ ಅಂತ ಇಲ್ಲಿ ಎಲ್ಲರಿಗೂ ಅರ್ಥವಾಯಿತು ಬಿಡು ಮಗಾ.

ಹಳೇ ಚೆಂಡು · 9:20

ಹುಡುಗ, ಸಬ್ ಆಗಿ ಹೋದವನು ಬೌಲ್ ಮಾಡುವ ಹಾಗಿಲ್ಲ, ಕ್ಯಾಪ್ಟನ್ ಆಗುವ ಹಾಗಿಲ್ಲ. 2017ರ ನಿಯಮದಿಂದ ಅಂಪೈರ್ ಒಪ್ಪಿದರೆ ಕೀಪಿಂಗ್ ಮಾಡಬಹುದು. ಅದಕ್ಕೆ ಮುಂಚೆ ಅದೂ ಇರಲಿಲ್ಲ. ಅಂದರೆ ಬೌಲರ್ ಒಬ್ಬನನ್ನು ಅಲ್ಲಿ ಕೂರಿಸಿದ್ದೇ ದಂಡ. ನನ್ನಂಥ ಹಳಬ ಸಾಕಿತ್ತು ನೀರು ಕೊಡಲು.

ಒಂದರ ಮೂರನೇ ನಂಬರ್ · 9:22

ಸರ್, ನೀವು ಆ ಕ್ಯಾಚ್ ಹಿಡಿಯುತ್ತಿದ್ದಿರಾ?

ಹಳೇ ಚೆಂಡು · 9:23

ಇಲ್ಲ. ಆದರೆ ನಾಲ್ಕನೇ ತಂಡಕ್ಕೆ ಒಂಬತ್ತು ಜನ ಇರುತ್ತಿದ್ದರು.

ಎರಡರ ಕೊನೇ ನಂಬರ್ · 9:30

ಎಲ್ಲರೂ ನಾಲ್ಕನೇ ತಂಡದ ಬಗ್ಗೆಯೇ ಮಾತಾಡುತ್ತಿದ್ದೀರಿ. ಒಂದು ರನ್ನಿನಿಂದ ಸೋತವರ ಗೋಳು ಯಾರೂ ಕೇಳುವುದಿಲ್ಲ. ನಾನು ನಿನ್ನೆಯಿಂದ ನಿದ್ದೆ ಮಾಡಿಲ್ಲ. ಒಂಬತ್ತು ವಿಕೆಟ್ ಹೋಗಿದೆ. ಬೋರ್ಡಿನಲ್ಲಿ 176. ಗೆಲ್ಲಲು ಮೂರು ಬೇಕು, ಚೆಂಡು ಮೂರು. ನಾನು ಕವರ್ಸ್ ಕಡೆ ತಳ್ಳಿದೆ, ಒಂದು ರನ್ ಆಯಿತು, ಎರಡಕ್ಕೆ ಕರೆದೆ. ಜೊತೆಗಾರ ರನೌಟ್.

ಗೂಗ್ಲಿ · 9:33

ಇನ್ನೂ ಎರಡು ಚೆಂಡು ಇತ್ತಲ್ಲ, ಯಾಕೆ ಓಡಿದೆ?

ಎರಡರ ಕೊನೇ ನಂಬರ್ · 9:35

ಮುಂದಿನ ಚೆಂಡು ಆಡಬೇಕಾದವನು ನನಗಿಂತ ಕಡೆ, ಅದಕ್ಕೆ.

ಬುಕ್ಕು ಪೆನ್ನು · 9:52

ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಸಂಜೆಯಿಂದ ಯೋಚಿಸುತ್ತಿದ್ದೆ. ಬರೆದೇಬಿಡುತ್ತೇನೆ. ಎರಡನೇ ತಂಡದ ಪುಸ್ತಕ ಬರೆದವನು ನಾನು. ತಪ್ಪು ನನ್ನದೇ.

ಸ್ಕೋರ್ ಪುಸ್ತಕದಲ್ಲಿ ಮೊತ್ತ ಎರಡು ದಾರಿಯಲ್ಲಿ ತಾಳೆ ಆಗಬೇಕು. ಬ್ಯಾಟರ್‌ಗಳ ರನ್ನಿಗೆ ಎಲ್ಲ ಎಕ್ಸ್‌ಟ್ರಾ ಸೇರಿಸಿದರೆ ಒಂದು ಮೊತ್ತ. ಬೌಲರ್‌ಗಳು ಕೊಟ್ಟ ರನ್ನಿಗೆ ಬ್ಯಾಟಿಗೆ ತಾಗದೆ ಬಂದ ಬೈ, ಲೆಗ್ ಬೈ ಸೇರಿಸಿದರೆ ಇನ್ನೊಂದು ಮೊತ್ತ. ವೈಡ್ ಮತ್ತು ನೋಬಾಲ್ ಬೌಲರ್ ಖಾತೆಗೇ ಹೋಗಿರುತ್ತವೆ, ಅದಕ್ಕೇ ಅವನ್ನು ಎರಡನೇ ಲೆಕ್ಕದಲ್ಲಿ ಮತ್ತೆ ಸೇರಿಸಬಾರದು. ಎರಡೂ ಒಂದೇ ಬಂದರೆ ಪುಸ್ತಕ ಸರಿ.

ನಿನ್ನೆ ರಾತ್ರಿ ಮನೆಯಲ್ಲಿ ಕೂತು ತಾಳೆ ನೋಡಿದೆ. ಒಂದು ಕಡೆ 177, ಇನ್ನೊಂದು ಕಡೆ 178.

ಲೆಗ್‌ಬೈ · 9:53

ಅಯ್ಯಯ್ಯೋ.

ಬುಕ್ಕು ಪೆನ್ನು · 10:01

ಹುಡುಕಿದೆ. 23ನೇ ಓವರ್. ಬೌಲರ್ ಚೌಕದಲ್ಲಿ ಏಳು ಗುರುತು ಇದೆ. ಆರು ಚೆಂಡು, ಜೊತೆಗೆ ವೈಡಿನ ಕೂಡಿಸು ಗುರುತು ಒಂದು. ಬೌಲರ್ ಖಾತೆಗೆ ಬರೆದಿದ್ದೇನೆ. ಆದರೆ ಎಕ್ಸ್‌ಟ್ರಾ ಸಾಲಿನಲ್ಲಿ ಬರೆದಿಲ್ಲ, ಮೊತ್ತದ ಸಾಲಿನಲ್ಲಿ ಹೊಡೆದು ಹಾಕಿಲ್ಲ. ಆ ಹೊತ್ತಿಗೆ ಯಾರೋ ಬಂದು 'ನನ್ನದು ಎಷ್ಟು ರನ್ ಆಯ್ತು' ಅಂತ ಕೇಳಿದರು. ತಲೆ ಎತ್ತಿದೆ. ಅಷ್ಟೇ. ಅವರ ಸ್ಕೋರರ್ ಫೋನಿನಲ್ಲಿ ಹಾಕುತ್ತಿದ್ದ, ಅವನೂ ಆ ಓವರಿನ ಕೊನೆಗೆ ನನ್ನ ಮೊತ್ತ ಕೇಳಿ ತನ್ನದನ್ನು ತಿದ್ದಿಕೊಂಡ. ಸರಿ ಇದ್ದದ್ದನ್ನು ತಪ್ಪು ಮಾಡಿಸಿದೆ.

ಎರಡರ ಕೊನೇ ನಂಬರ್ · 10:03

ಅಂದರೆ ನಾವು ಸೋತಿಲ್ಲ. ಟೈ!

ಹಳೇ ಚೆಂಡು · 10:10

ಸೋತಿದ್ದೀರಿ. ಪಂದ್ಯ ಮುಗಿದ ಮೇಲೆ ಅಂಪೈರ್‌ಗಳು ಸ್ಕೋರರ್‌ಗಳ ಜೊತೆ ಕೂತು ಸ್ಕೋರ್ ಸರಿ ಅಂತ ಒಪ್ಪಿಕೊಂಡರೆ, ಆಮೇಲೆ ಫಲಿತಾಂಶ ಬದಲಾಯಿಸುವಂತಿಲ್ಲ. ಕ್ರಿಕೆಟ್ ನಿಯಮಾವಳಿಯ 16ನೇ ನಿಯಮದಲ್ಲೇ ಇದೆ. ಒಪ್ಪುವುದಕ್ಕೆ ಮುಂಚೆ ತಪ್ಪು ಸಿಕ್ಕಿದ್ದರೆ ಬೇರೆ ಮಾತು. ಆಟಗಾರರು ಮೈದಾನ ಬಿಟ್ಟು ಹೋಗಿದ್ದರೂ, ಓವರ್ ಮತ್ತು ವಿಕೆಟ್ ಉಳಿದಿದ್ದರೆ, ವಾಪಸ್ ಕರೆದು ಆಡಿಸಲೂಬಹುದು. ನಿಮ್ಮದು ಆಲೌಟ್, ಆಡಿಸಲು ಏನೂ ಉಳಿದಿರಲಿಲ್ಲ. ಮೊತ್ತ ತಿದ್ದಿ ಟೈ ಅನ್ನುತ್ತಿದ್ದರು. ಈಗ ಆಗುವುದಿಲ್ಲ.

ಎರಡರ ಕೊನೇ ನಂಬರ್ · 10:14

ಟೈ ಅಷ್ಟೇ ಅಲ್ಲ ಸರ್. ಬೋರ್ಡಿನಲ್ಲಿ 177 ಅಂತ ಇದ್ದಿದ್ದರೆ ನಾನು ಎರಡನೇ ರನ್ನಿಗೆ ಕರೆಯುತ್ತಲೇ ಇರಲಿಲ್ಲ. ಒಂದು ರನ್ನಿಗೇ ಸ್ಕೋರ್ ಸಮ. ಎರಡು ಚೆಂಡಿನಲ್ಲಿ ಒಂದು ರನ್. ನನ್ನ ಜೊತೆಗಾರನಿಗೆ ಎಲ್ಲಾದರೂ ತಾಗಿದರೆ ಸಾಕಿತ್ತು.

ಥರ್ಡ್ ಮ್ಯಾನ್ · 10:18

2003ರ ವಿಶ್ವಕಪ್ ನೆನಪಾಯಿತು. ಡರ್ಬನ್, ದಕ್ಷಿಣ ಆಫ್ರಿಕಾ ಮತ್ತು ಶ್ರೀಲಂಕಾ. ಮಳೆ ಬರುತ್ತಿದೆ. ಮಳೆ ಬಂದಾಗ ಗುರಿ ಲೆಕ್ಕ ಹಾಕುವ ಡಕ್‌ವರ್ತ್ ಲೂಯಿಸ್ ಕಾಗದದಲ್ಲಿ 45ನೇ ಓವರಿಗೆ 229 ಅಂತ ಇತ್ತು. ಅದು ಸಮ ಆಗುವ ಸ್ಕೋರ್. ಇವರು ಗೆಲ್ಲುವ ಸ್ಕೋರ್ ಅಂದುಕೊಂಡರು. ಮಾರ್ಕ್ ಬೌಷರ್ ಮುರಳೀಧರನ್‌ಗೆ ಸಿಕ್ಸರ್ ಹೊಡೆದು 229 ಮುಟ್ಟಿಸಿ, ಓವರಿನ ಕೊನೆಯ ಚೆಂಡನ್ನು ತಣ್ಣಗೆ ತಡೆದು ನಿಂತ. ಆಮೇಲೆ ಆಟ ಮುಂದುವರಿಯಲೇ ಇಲ್ಲ. ಟೈ. ತಮ್ಮದೇ ನೆಲದಲ್ಲಿ ನಡೆದ ಕಪ್‌ನಿಂದ ಮೊದಲ ಸುತ್ತಿಗೇ ಹೊರಗೆ. ಒಂದು ರನ್ನಿನ ಲೆಕ್ಕ ಅಂದರೆ ಅಷ್ಟೇ ಗುರು.

ಎರಡರ ಕೊನೇ ನಂಬರ್ · 10:19

ಅವನು ಓಡದೆ ಕೆಟ್ಟ, ನಾನು ಓಡಿ ಕೆಟ್ಟೆ.

ಗೂಗ್ಲಿ · 10:24

ಬುಕ್ಕು ಪೆನ್ನು, ನಿಮಗೆ ಒಂದು ಮಾತು. ನಾವು ಯಾರೂ ಪುಸ್ತಕ ಮುಟ್ಟುವುದಿಲ್ಲ. ಔಟಾಗಿ ಬಂದವರು ಫೋನ್ ನೋಡುತ್ತಾ ಕೂರುತ್ತೇವೆ. 80 ಓವರ್ ಒಬ್ಬರೇ ಬರೆದು ಒಂದು ವೈಡ್ ತಪ್ಪಿದ್ದಕ್ಕೆ ಯಾರಾದರೂ ಬೈದರೆ ಮುಂದಿನ ವಾರ ಪೆನ್ನು ಅವರ ಕೈಗೆ ಕೊಡಿ.

ಎರಡರ ಕೊನೇ ನಂಬರ್ · 10:26

ನಾನು ಬೈದಿಲ್ಲ. 'ನನ್ನದು ಎಷ್ಟು ರನ್ ಆಯ್ತು' ಅಂತ ಕೇಳಿದವನು ಯಾರು, ಅದನ್ನು ಹೇಳಿ ಸಾಕು.

ಬುಕ್ಕು ಪೆನ್ನು · 10:27

ಹೇಳುವುದಿಲ್ಲ. 14 ಹೊಡೆದಿದ್ದ, ಅಷ್ಟು ಸಾಕು.

ಲೆಗ್‌ಬೈ · 10:29

ಕಾರ್ಡ್ ನೋಡಿದೆ. 14 ಹೊಡೆದವರು ಇಬ್ಬರಿದ್ದಾರೆ. ಇಬ್ಬರೂ ಈ ವೇದಿಕೆಯಲ್ಲಿದ್ದಾರೆ, ಇಬ್ಬರೂ ಸುಮ್ಮನಿದ್ದಾರೆ.

ನೈಟ್ ವಾಚ್‌ಮನ್ · 10:33

ವೈಡ್ ಅಂದಾಗ ನೆನಪಾಗುವುದು 1999ರ ದೆಹಲಿ ಟೆಸ್ಟ್. ಕುಂಬ್ಳೆಗೆ ಒಂಬತ್ತು ವಿಕೆಟ್ ಆಗಿದೆ, ಈ ಕಡೆಯಿಂದ ಶ್ರೀನಾಥ್, ಹತ್ತನೇ ವಿಕೆಟ್ ತನಗೇ ಬಿದ್ದುಬಿಟ್ಟೀತು ಅಂತ ಚೆಂಡನ್ನು ಬ್ಯಾಟಿಗೆ ಸಿಗದ ಹಾಗೆ ದೂರ ದೂರ ಹಾಕುತ್ತಿದ್ದರು. ಕೊನೆಗೆ ಕುಂಬ್ಳೆಗೆ 74ಕ್ಕೆ 10. ಬೇಕಂತಲೇ ವಿಕೆಟ್ ತೆಗೆಯದೆ ಇರುವುದು ಎಷ್ಟು ಕಷ್ಟ ಅಂತ ಬೌಲರ್‌ಗಳಿಗೆ ಗೊತ್ತು.

ಗೂಗ್ಲಿ · 10:34

ನಿನಗೆ ಅದು ಕಷ್ಟವೇ ಇಲ್ಲವಲ್ಲ, ಪ್ರತಿ ವಾರ ಮಾಡುತ್ತೀಯ.

ಓಪನರ್ ಅಕ್ಕ · 10:45

ಗೆದ್ದವರ ಬಗ್ಗೆಯೂ ನಾಲ್ಕು ಮಾತು ಆಡಿ. 118 ಹೊಡೆದು 92ಕ್ಕೆ ಕಟ್ಟಿಹಾಕಿದ್ದೇವೆ. ಸತತ ಮೂರನೇ ಗೆಲುವು. ಇಲ್ಲಿ ಮೂವತ್ತಕ್ಕೂ ಜಾಸ್ತಿ ಉತ್ತರ ಬಂದಿದೆ, ನಮ್ಮ ಪಂದ್ಯದ ಬಗ್ಗೆ ಒಂದೂ ಇಲ್ಲ.

ವೈಡ್ ಕಥೆ ನಮ್ಮಲ್ಲೂ ಇದೆ. ಬೌಲಿಂಗಿನ ಮೊದಲ ಎರಡು ಓವರಿನಲ್ಲೇ ಏಳು ವೈಡ್. ನಮ್ಮ ಹುಡುಗಿ ಅಷ್ಟು ಕೆಟ್ಟದಾಗಿ ಯಾವತ್ತೂ ಹಾಕಿಲ್ಲ. 'ಅಕ್ಕಾ, ಕೈಯಲ್ಲಿ ಕೂರುತ್ತಿಲ್ಲ' ಅಂದಳು. ತೆಗೆದುಕೊಂಡು ನೋಡಿದರೆ ಗಂಡಸರ ಚೆಂಡು. ನಮ್ಮ ಚೆಂಡು 140ರಿಂದ 151 ಗ್ರಾಂ ಇರಬೇಕು. ಗಂಡಸರದು 156ರಿಂದ 163. ಸುತ್ತಳತೆಯೂ ಜಾಸ್ತಿ. ಕಿಟ್ ಬ್ಯಾಗಿನಲ್ಲಿ ಯಾರೋ ಅದಲು ಬದಲು ಮಾಡಿದ್ದರು. ಅಂಪೈರ್‌ಗೆ ಹೇಳಿ ಬದಲಾಯಿಸಿಕೊಂಡ ಮೇಲೆ ಅದೇ ಹುಡುಗಿ ಎರಡು ಓವರಿಗೆ ಆರು ರನ್ ಕೊಟ್ಟು ಎರಡು ವಿಕೆಟ್ ತೆಗೆದಳು.

ಹಳೇ ಚೆಂಡು · 10:49

ಟಾಸ್‌ಗೆ ಮುಂಚೆಯೇ ಅಂಪೈರ್ ಚೆಂಡು ನೋಡಿ ಒಪ್ಪಬೇಕಲ್ಲ ಅಕ್ಕ?

ಓಪನರ್ ಅಕ್ಕ · 10:51

ಒಪ್ಪಬೇಕು. ಅವರು ಡಬ್ಬ ನೋಡಿದರು, ಡಬ್ಬ ನಮ್ಮದೇ.

ನಾಲ್ಕರ ಕ್ಯಾಪ್ಟನ್ · 10:55

ಕಿಟ್ ಮಾತು ಬಂತಲ್ಲ. ನಮ್ಮ ಬ್ಯಾಗಿನಲ್ಲಿ ಮೂರು ಜೊತೆ ಪ್ಯಾಡ್ ಇರಬೇಕಿತ್ತು. ಎರಡೇ ಇತ್ತು. ಒಂದು ವಿಕೆಟ್ ಬಿದ್ದರೆ ಔಟಾದವನು ಓಡಿ ಬಂದು ಪ್ಯಾಡ್ ಬಿಚ್ಚಿ ಮುಂದಿನವನಿಗೆ ಕಟ್ಟಬೇಕು. ವಿಕೆಟ್ ಬಿದ್ದ ಮೂರು ನಿಮಿಷದೊಳಗೆ ಮುಂದಿನವನು ಆಡಲು ತಯಾರಿರಬೇಕು, ಇಲ್ಲದಿದ್ದರೆ ಟೈಮ್ಡ್ ಔಟ್. ನಮ್ಮ ಐದನೆಯವನು ನಾಲ್ಕು ನಿಮಿಷ ತೆಗೆದುಕೊಂಡ. ಎದುರು ಕ್ಯಾಪ್ಟನ್ ಗಡಿಯಾರ ನೋಡಿ ನಕ್ಕು ಸುಮ್ಮನಾದರು.

ಥರ್ಡ್ ಮ್ಯಾನ್ · 10:57

ಏಂಜೆಲೋ ಮ್ಯಾಥ್ಯೂಸ್‌ಗೆ ಅಷ್ಟು ಅದೃಷ್ಟ ಇರಲಿಲ್ಲ. 2023ರ ವಿಶ್ವಕಪ್, ಬಾಂಗ್ಲಾದೇಶದ ವಿರುದ್ಧ, ಹೆಲ್ಮೆಟ್ ಪಟ್ಟಿ ಕಿತ್ತುಹೋಗಿತ್ತು. ಅಲ್ಲಿ ಎರಡೇ ನಿಮಿಷ ಇತ್ತು. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಹಾಗೆ ಔಟಾದ ಮೊದಲಿಗ.

ಗೂಗ್ಲಿ · 11:02

ಅಕ್ಕ, ನಿಮ್ಮ ಪಂದ್ಯದಲ್ಲಿ ಇನ್ನೊಂದು ಆಯಿತಂತಲ್ಲ? ಚೆಂಡು ಹಾಕುವ ಮುಂಚೆಯೇ ನಾನ್ ಸ್ಟ್ರೈಕರ್ ಕ್ರೀಸ್ ಬಿಟ್ಟು ಎರಡಡಿ ಮುಂದೆ ಹೋಗಿದ್ದರೂ ನಿಮ್ಮ ಬೌಲರ್ ಬೇಲ್ಸ್ ಕಿತ್ತು ಔಟ್ ಮಾಡಲಿಲ್ಲವಂತೆ?

ಓಪನರ್ ಅಕ್ಕ · 11:08

ಹೌದು. ನಿಂತು, ಚೆಂಡು ತೋರಿಸಿ, ವಾಪಸ್ ಹೋಗಿ ಹಾಕಿದಳು. ನಾನಾಗಿದ್ದರೆ ಕಿತ್ತೇ ಕೀಳುತ್ತಿದ್ದೆ. 2022ರ ಅಕ್ಟೋಬರ್‌ನಿಂದ ಅದು ಅನುಚಿತ ಆಟದ ನಿಯಮದಲ್ಲಿಲ್ಲ, ಮಾಮೂಲಿ ರನೌಟ್ ನಿಯಮದೊಳಗೇ ಬಂದಿದೆ. ಎಚ್ಚರಿಕೆ ಕೊಡಲೇಬೇಕು ಅಂತಲೂ ಎಲ್ಲೂ ಇಲ್ಲ. ಆ ಬದಲಾವಣೆ ಜಾರಿಗೆ ಬರುವ ಒಂದು ವಾರ ಮುಂಚೆ ಲಾರ್ಡ್ಸ್‌ನಲ್ಲಿ ದೀಪ್ತಿ ಶರ್ಮಾ ಚಾರ್ಲಿ ಡೀನ್‌ಳನ್ನು ಹಾಗೆ ಔಟ್ ಮಾಡಿದಾಗ ಎಷ್ಟು ಕೂಗಾಡಿದರು! ಆಗಲೂ ಅದು ಔಟೇ.

ನೈಟ್ ವಾಚ್‌ಮನ್ · 11:10

ಔಟ್ ಅನ್ನುವುದು ಬೇರೆ, ಚೆಂದ ಅನ್ನುವುದು ಬೇರೆ ಅಕ್ಕ.

ಓಪನರ್ ಅಕ್ಕ · 11:12

ಎರಡಡಿ ಕದಿಯುವುದು ಚೆಂದವಾ? 1947ರಲ್ಲಿ ವಿನೂ ಮಂಕಡ್ ಔಟ್ ಮಾಡಿದ್ದಕ್ಕೆ ಅವರ ಹೆಸರನ್ನೇ ಬೈಗುಳ ಮಾಡಿದರು. ಕ್ರೀಸ್ ಬಿಟ್ಟು ಹೋಗಿದ್ದ ಬಿಲ್ ಬ್ರೌನ್ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಕದ್ದವನಿಗೆ ಹೆಸರಿಲ್ಲ, ಹಿಡಿದವನಿಗೆ ಕೆಟ್ಟ ಹೆಸರು.

ನೈಟ್ ವಾಚ್‌ಮನ್ · 11:13

ಒಪ್ಪಿದೆ. ಮಲಗುತ್ತೇನೆ.

ಹದಿಮೂರರ ಅಪ್ಪ · 11:15

ಅಂಡರ್-15 ಬಗ್ಗೆ ಒಂದು ಪ್ರಶ್ನೆ. 104 ಎದುರು 31/2, ನಾವೇ ಮುಂದಿದ್ದೆವು. ಫಲಿತಾಂಶ ಯಾಕೆ ಕೊಡಲಿಲ್ಲ? ಮಗ ಊಟ ಬಿಟ್ಟು ಕೂತಿದ್ದಾನೆ.

ಬುಕ್ಕು ಪೆನ್ನು · 11:20

25 ಓವರಿನ ಪಂದ್ಯಕ್ಕೆ ನಮ್ಮ ಲೀಗಿನಲ್ಲಿ ಎರಡನೇ ಇನಿಂಗ್ಸ್ ಕನಿಷ್ಠ 10 ಓವರ್ ಆಗಿರಬೇಕು ಸರ್. ಆಗಿದ್ದು 9. ಮಕ್ಕಳ ಪಂದ್ಯಕ್ಕೆ ಸರಾಸರಿ ರನ್ ರೇಟ್ ಲೆಕ್ಕವೇ ಇರುವುದು. ಓವರಿಗೆ 4.16, ಹತ್ತು ಓವರಿಗೆ 41.6. ಅಂದರೆ ಅವರು 42 ಹೊಡೆದಿರಬೇಕಿತ್ತು. ಇನ್ನೊಂದು ಓವರ್ ಹಾಕಿದ್ದರೆ ಬಹುತೇಕ ನಾವೇ ಗೆಲ್ಲುತ್ತಿದ್ದೆವು.

ಹದಿಮೂರರ ಅಪ್ಪ · 11:22

ಮೋಡ ಅರ್ಧ ಗಂಟೆಯಿಂದ ಕಾಣುತ್ತಿತ್ತು. ಆದರೂ ನಮ್ಮ ಪುಟ್ಟ ಕ್ಯಾಪ್ಟನ್ ಒಂದೊಂದು ಚೆಂಡಿಗೂ ಫೀಲ್ಡ್ ಬದಲಾಯಿಸುತ್ತಿದ್ದ. ಟಿವಿಯಲ್ಲಿ ನೋಡಿದ್ದು. ಒಂಬತ್ತನೇ ಓವರಿಗೆ ಆರು ನಿಮಿಷ ಹಿಡಿಯಿತು. ಇನ್ನೇನು ಮಾಡುವುದು, ಆ ಕ್ಯಾಪ್ಟನ್ ನನ್ನ ಮಗನೇ.

ಲೆಗ್‌ಬೈ · 11:23

ಹಾಗಾದರೆ ಊಟ ಬಿಟ್ಟಿದ್ದು ಸರಿಯೇ ಇದೆ ಬಿಡಿ.

ಆಯ್ಕೆ ಸಮಿತಿಯವನು · ಸೋಮವಾರ ಬೆಳಿಗ್ಗೆ 7:05

ಎಲ್ಲ ಓದಿದೆ. ನನ್ನ ಕಡೆಯದನ್ನೂ ಕೇಳಿ. ಆರು ತಂಡಕ್ಕೆ ವಾರಕ್ಕೆ 66 ಜನ ಬೇಕು. ಅದರಲ್ಲಿ ಗಂಡಸರ ನಾಲ್ಕು ತಂಡಕ್ಕೆ 44. 'ಬರುತ್ತೇನೆ' ಅಂದವರು 49. ಶನಿವಾರ ಬೆಳಿಗ್ಗೆ ನಿಜವಾಗಿ ಬಂದವರು 42. ಮೊದಲ ಮೂರು ತಂಡಕ್ಕೆ 33, ಒಂದನೇ ತಂಡದ ಬೆಂಚಿಗೆ ಒಬ್ಬ, ಉಳಿದ ಎಂಟು ಜನ ನಾಲ್ಕನೇ ತಂಡ. ಕೊರತೆ ಯಾವಾಗಲೂ ಕೆಳಗೇ ಇಳಿಯುತ್ತದೆ, ನೀರಿನ ಹಾಗೆ. ನಾನು ಬೇಕಂತ ಮಾಡಿದ್ದಲ್ಲ.

ನಾಲ್ಕರ ಕ್ಯಾಪ್ಟನ್ · 7:12

ಬೇಕಂತ ಮಾಡಿದಿರಿ ಅಂತ ನಾನೂ ಹೇಳಲಿಲ್ಲ. ಶುಕ್ರವಾರ ರಾತ್ರಿ ಹತ್ತೂವರೆಗೆ ಕೇಳಿದಿರಿ, ಅದು ನನ್ನ ತಕರಾರು. ಆ ಹೊತ್ತಿಗೆ ನಾನು ಯಾರನ್ನು ಹುಡುಕಲಿ? ಗುರುವಾರ ರಾತ್ರಿಯೇ ಹೇಳಿದ್ದರೆ ಇಬ್ಬರನ್ನಾದರೂ ತರುತ್ತಿದ್ದೆ. ಮತ್ತೆ ಬೆಂಚಿನಲ್ಲಿ ಕೂರಿಸಲು ನನ್ನ ಬೌಲರ್ ಬೇಡ. ಆಡಿಸುತ್ತೀರಾ, ಖುಷಿಯಿಂದ ಕಳಿಸುತ್ತೇನೆ, ಮೂವರನ್ನು ಬೇಕಾದರೂ. ನೀರು ಕೊಡಲು ಕಳಿಸುವುದಿಲ್ಲ.

ಒಂದರ ಮೂರನೇ ನಂಬರ್ · 7:20

ಇದು ನ್ಯಾಯ. ನಿನ್ನೆ ನಾನು ಸ್ವಲ್ಪ ಜಾಸ್ತಿ ಮಾತಾಡಿದೆ. ನಾನೂ ಶುರು ಮಾಡಿದ್ದು ನಾಲ್ಕನೇ ತಂಡದಲ್ಲೇ, ಮೊದಲ ಮೂರು ಪಂದ್ಯ ಸೊನ್ನೆ. ಆಗ ಯಾರಾದರೂ ನನ್ನನ್ನು ಬೆಂಚಿನಲ್ಲಿ ಕೂರಿಸಿದ್ದರೆ ನಾಲ್ಕನೆಯದು ಆಡುತ್ತಲೇ ಇರಲಿಲ್ಲ.

ಆಯ್ಕೆ ಸಮಿತಿಯವನು · 7:31

ಸರಿ. ಈ ವಾರದಿಂದ ಗುರುವಾರ ರಾತ್ರಿ ಒಂಬತ್ತಕ್ಕೆ ನಾಲ್ಕೂ ಪಟ್ಟಿ ಮುಚ್ಚುತ್ತೇನೆ. ಆಮೇಲೆ ಒಂದನೇ ತಂಡದಲ್ಲಿ ಯಾರಿಗಾದರೂ ಪೆಟ್ಟಾದರೆ ಆಡುವವನು ಮಾತ್ರ ಮೇಲೆ ಹೋಗುತ್ತಾನೆ. ಹನ್ನೆರಡನೆಯವನನ್ನು ನಾಲ್ಕರಿಂದ ತೆಗೆಯುವುದಿಲ್ಲ. ಹಳೇ ಚೆಂಡು ಸರ್ ನೀರು ಕೊಡುತ್ತೇನೆ ಅಂದಿದ್ದಾರೆ, ಅದನ್ನೂ ಬರೆದುಕೊಂಡಿದ್ದೇನೆ.

ಹಳೇ ಚೆಂಡು · 7:33

ಮಾತಿಗೆ ಅಂದಿದ್ದೆ.

ಬುಕ್ಕು ಪೆನ್ನು · 7:40

ನನ್ನದೂ ಒಂದು. ಇನ್ನು ಮೇಲೆ ಹತ್ತು ಓವರಿಗೊಮ್ಮೆ ಆಟ ನಿಂತಾಗ ಎರಡೂ ಕಡೆಯ ಮೊತ್ತ ತಾಳೆ ನೋಡುತ್ತೇನೆ. ಪಂದ್ಯ ಮುಗಿದ ಮೇಲೆ ಐದು ನಿಮಿಷ ಅಂಪೈರ್‌ನ ಯಾರೂ ಎಳೆದುಕೊಂಡು ಹೋಗಬೇಡಿ. ಮೇಜಿನ ಹತ್ತಿರ ಬಂದು 'ನನ್ನದು ಎಷ್ಟು' ಅಂತ ಕೇಳುವವರಿಗೆ ಉತ್ತರ ಸಿಗುವುದಿಲ್ಲ.

ಎರಡರ ಕೊನೇ ನಂಬರ್ · 7:42

ನನಗೆ ಆ ತೊಂದರೆಯೇ ಇಲ್ಲ. ನನ್ನದು ಯಾವಾಗಲೂ ಮೂರರೊಳಗೆ, ನೆನಪಿರುತ್ತದೆ.

ನಾಲ್ಕರ ಕ್ಯಾಪ್ಟನ್ · ಗುರುವಾರ ರಾತ್ರಿ 8:30

ಈ ಶನಿವಾರಕ್ಕೆ ಒಂಬತ್ತು ಜನ ಆಗಿದ್ದಾರೆ. ಇನ್ನಿಬ್ಬರು?

ಹನ್ನೆರಡನೆಯವನು · 8:31

ಹತ್ತು.

ಹದಿಮೂರರ ಅಪ್ಪ · 8:38

ನಾನು ಆಡಿ ಇಪ್ಪತ್ತು ವರ್ಷ ಆಯಿತು. ಮಂಡಿ ಬಗ್ಗುವುದಿಲ್ಲ. ಪರವಾಗಿಲ್ಲವಾ?

ನಾಲ್ಕರ ಕ್ಯಾಪ್ಟನ್ · 8:39

ಸ್ಲಿಪ್‌ನಲ್ಲಿ ನಿಲ್ಲಿ ಸಾರ್. ಬಗ್ಗುವ ಹಾಗೆ ಕಂಡರೆ ಸಾಕು. ಹನ್ನೊಂದು! ಇದೇ ಸೀಸನ್ನಿನಲ್ಲಿ ಮೊದಲ ಸಲ.

ಆಯ್ಕೆ ಸಮಿತಿಯವನು · 8:52

ನಾಲ್ಕರ ಕ್ಯಾಪ್ಟನ್, ಒಂದು ನಿಮಿಷ ಫೋನ್ ಎತ್ತಿ. ಒಂಬತ್ತಕ್ಕೆ ಇನ್ನೂ ಎಂಟು ನಿಮಿಷ ಇದೆ.